ಇಪ್ಪತ್ತೈದು ಪಿನ್ನಿನ ಕೇಬಲ್ಲು

ಮೈಸೂರಿನ ವಿಜಯನಗರದ ವಾಟರ್ ಟ್ಯಾಂಕ್ ಸ್ಟಾಪಿನಲ್ಲಿ ಬಸ್ಸಿಳಿದು, ಪ್ರಾಜೆಕ್ಟ್ ಮೇಡಂ ಮನೆ ಯಾವುದು ಎಂದು ಕೇಳಿಕೊಂಡು ಹುಡುಗ ಹುಡುಗಿಯರು ಬರುತ್ತಿದ್ದರು. ಎರಡನೇ ಹಂತದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಇದ್ದದ್ದು ಒಂದು ಹಳೇ ಪೆಂಟಿಯಂ ಡೆಸ್ಕ್‌ಟಾಪ್, ಒಂದು ಸೋಲ್ಡರಿಂಗ್ ಐರನ್, ನಾನೇ ಬೆಸೆದುಕೊಂಡ ಒಂದು ಕೇಬಲ್ಲು. ಕಾಲೇಜಿನ ಬೀರುವಿನೊಳಗಿದ್ದ ಒಂದು ವಿದ್ಯೆ ಮನೆಗೆ ಬಂದ ಕಥೆ ಈ ಮೂರರಲ್ಲೇ ಇದೆ.

ನಾನು ಪಾಲಿಟೆಕ್ನಿಕ್ಕಿನ ಲ್ಯಾಬಿಗೆ ಸೇರಿದಾಗ ನಮ್ಮ ಪ್ರಪಂಚ 8085. ಇಂಟೆಲ್ 1976ರಲ್ಲಿ ತಂದ ಆ ಚಿಪ್ಪಿನ ಟ್ರೈನರ್ ಕಿಟ್ಟಿಗೆ ಕಂಪ್ಯೂಟರೇ ಬೇಕಿರಲಿಲ್ಲ. ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಸಂಕೇತ ಬರೆದು, ಕೀಲಿ ಒತ್ತಿ ಒಂದೊಂದೇ ಸಂಖ್ಯೆ ತುಂಬುವುದು. ಎಂವಿಐ ಎ ಎಂಬ ಆದೇಶವೆಂದರೆ 3ಇ, ಹೆಚ್‌ಎಲ್‌ಟಿ ಎಂದರೆ 76. ಕರೆಂಟ್ ಹೋದರೆ ಬರೆದದ್ದೆಲ್ಲ ಹೋಯಿತು. 1980ರ 8051 ಬಂದ ಮೇಲೂ ಕಷ್ಟ ತಗ್ಗಲಿಲ್ಲ. ಅದರ ಜೊತೆಯ 8751ರ ಬೆನ್ನಿಗೆ ಸ್ಫಟಿಕದ ಪುಟ್ಟ ಕಿಟಕಿ. ಒಂದು ತಪ್ಪು ತಿದ್ದಬೇಕೆಂದರೂ ಚಿಪ್ಪನ್ನು ಕಿತ್ತು, ನೇರಳಾತೀತ ದೀಪದ ಪೆಟ್ಟಿಗೆಯಲ್ಲಿ ಹದಿನೈದಿಪ್ಪತ್ತು ನಿಮಿಷ ಕಾಯಿಸಿ, ಅಳಿಸಿ, ಮತ್ತೆ ಬರೆಯಬೇಕು. ಪ್ರೋಗ್ರಾಮರ್ ಯಂತ್ರ ಇಡೀ ವಿಭಾಗಕ್ಕೆ ಒಂದೇ. ಅದರ ಬೀರುವಿನ ಕೀ ಯಾರ ಕೈಲಿತ್ತೋ ವಿದ್ಯೆಯೂ ಅವರದೇ. ಸಂಜೆ ಐದಕ್ಕೆ ಲ್ಯಾಬ್ ಮುಚ್ಚಿದರೆ ಆವತ್ತಿನ ಕಲಿಕೆ ಮುಗಿಯಿತು.

1993ರಲ್ಲಿ ಆಟ್‌ಮೆಲ್ ಕಂಪನಿಯ 89ಸಿ51 ಬಂತು. 4 ಕೆಬಿ ಫ್ಲ್ಯಾಶ್. ಅಳಿಸಲು ವಿದ್ಯುತ್ತೇ ಸಾಕು, ದೀಪ ಬೇಡ. ಪಕ್ಕದ ಗೋಕುಲಂನಲ್ಲಿ 1997ರಲ್ಲಿ ವಿದ್ಯಾವರ್ಧಕ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು, ಮರುವರ್ಷ ವಿಟಿಯು ವಿಶ್ವವಿದ್ಯಾಲಯ. ಲ್ಯಾಬುಗಳಲ್ಲಿ 8051ಕ್ಕೆ ಕೈಲ್ ತಂತ್ರಾಂಶ ಬಂತು. ಅದರ ಉಚಿತ ಆವೃತ್ತಿಗೆ 2 ಕೆಬಿಯ ಮಿತಿ. ಲ್ಯಾಬ್ ಪರೀಕ್ಷೆಗೆ ಅಷ್ಟು ಧಾರಾಳ. ಎಲ್‌ಸಿಡಿ, ಕೀಪ್ಯಾಡ್, ಸೀರಿಯಲ್ ಎಲ್ಲ ಬೇಕೆನ್ನುವ ಕೊನೇ ವರ್ಷದ ಪ್ರಾಜೆಕ್ಟಿಗೆ ಸಾಲದು.

ನಮ್ಮ ಮಹಡಿಗೆ ಬೆಳಕು ತಂದದ್ದು ಎವಿಆರ್. ನಾರ್ವೆಯ ಟ್ರಾಂಡ್‌ಹೈಮಿನಲ್ಲಿ ಆಲ್ಫ್-ಎಗಿಲ್ ಬೋಗೆನ್, ವೆಗಾರ್ಡ್ ವೊಲ್ಲಾನ್ ಎಂಬ ಇಬ್ಬರು ವಿದ್ಯಾರ್ಥಿಗಳ ಕಲ್ಪನೆಯಿಂದ ಹುಟ್ಟಿದ ಈ ಚಿಪ್ಪನ್ನು ಆಟ್‌ಮೆಲ್ 1997ರಲ್ಲಿ ಮಾರುಕಟ್ಟೆಗೆ ತಂತು. ಬೋರ್ಡಿನಿಂದ ಕೀಳದೆಯೇ ಇದಕ್ಕೆ ಕೋಡ್ ಡಂಪ್ ಮಾಡಬಹುದು. ಅದಕ್ಕಿಂತ ದೊಡ್ಡದು, ಜಿಸಿಸಿ ಕಂಪೈಲರ್ ಇದಕ್ಕೂ ಬಂದದ್ದು. ಯಾರ ಅಪ್ಪಣೆಯೂ ಬೇಡ, ಕೆಬಿಯ ಮಿತಿಯೂ ಇಲ್ಲ. ವಿನ್‌ಎವಿಆರ್ ಎಂಬ ಒಂದೇ ಕಟ್ಟಿನಲ್ಲಿ ಕಂಪೈಲರ್, ಲಿಂಕರ್, ಮೇಕ್, ಚಿಪ್ಪಿಗೆ ತುಂಬುವ ಎವಿಆರ್‌ಡ್ಯೂಡ್ ಎಲ್ಲವೂ ಸಿಗುತ್ತಿತ್ತು.

ಆದರೂ ಇದನ್ನೆಲ್ಲ ಹೊಂದಿಸಲು ನನಗೆ ಮೂರು ಭಾನುವಾರ ಹಿಡಿಯಿತು. ಪ್ರಿಂಟರಿನ 25 ಪಿನ್ನಿನ ಪೋರ್ಟಿಗೆ ಬೆಸೆದ ಕೇಬಲ್ಲು ವಿಂಡೋಸ್ 98ರಲ್ಲಿ ಚೆನ್ನಾಗಿಯೇ ಇತ್ತು. ಎಕ್ಸ್‌ಪಿ ಹಾಕಿದ ದಿನ ಮೌನ. ಕೋಡ್ ಕಂಪೈಲ್ ಆಗುತ್ತಿದೆ, ಚಿಪ್ಪು ಓಗೊಡುತ್ತಿಲ್ಲ. ಪ್ರೋಗ್ರಾಮುಗಳು ಪೋರ್ಟನ್ನು ನೇರವಾಗಿ ಮುಟ್ಟುವುದನ್ನು ಎಕ್ಸ್‌ಪಿ ತಡೆಯುತ್ತದೆ, ಗಿವ್‌ಐಓ ಎಂಬ ಪುಟ್ಟ ಡ್ರೈವರ್ ಹಾಕಿದರೆ ಮಾತ್ರ ಬಾಗಿಲು ತೆರೆಯುತ್ತದೆ ಎಂದು ಎರಡನೇ ಭಾನುವಾರ ಗೊತ್ತಾಯಿತು. ಮೂರನೆಯದರಲ್ಲಿ ಎಲ್‌ಇಡಿ ಮಿಟುಕಿತು, ಆದರೆ ಒಂದು ಸೆಕೆಂಡಿಗಲ್ಲ, ಎಂಟಕ್ಕೆ. ಕೋಡಿನಲ್ಲಿ ನಾನು 8 ಮೆಗಾಹರ್ಟ್ಸ್ ಎಂದು ಬರೆದಿದ್ದೆ; ನನ್ನ ಕೈಲಿದ್ದ ಎವಿಆರ್ ಚಿಪ್ಪು, ಹೊಸ ಎಟಿಮೆಗಾ8, ಓಡುವುದು 1 ಮೆಗಾಹರ್ಟ್ಸಿನಲ್ಲಿ. ಅದನ್ನು ಸರಿಪಡಿಸಲು, ಚಿಪ್ಪಿನ ಗಡಿಯಾರ ಯಾವುದೆಂದು ಆರಿಸುವ ಫ್ಯೂಸ್ ಬಿಟ್ಟುಗಳನ್ನು ಬದಲಿಸಿದೆ, ಚಿಪ್ಪು ಸತ್ತಂತಾಯಿತು. ಹೊರಗಿನ ಕ್ರಿಸ್ಟಲ್ ನೋಡಿಕೋ ಎಂದು ಅದಕ್ಕೆ ಹೇಳಿದ್ದೆ, ಕ್ರಿಸ್ಟಲ್ಲನ್ನೇ ಕೂರಿಸಿರಲಿಲ್ಲ. ಒಂದು ಕ್ರಿಸ್ಟಲ್, 22 ಪಿಕೋಫ್ಯಾರಡಿನ ಎರಡು ಕೆಪಾಸಿಟರ್ ಬೆಸೆದ ಕೂಡಲೇ ಜೀವ ಬಂತು. ಆ ಸಂಜೆಯ ಸಂತೋಷ ಇನ್ನೂ ಮಾಸಿಲ್ಲ.

ಈ ಮೂರು ಭಾನುವಾರದ ಪಾಠವನ್ನೇ ಮಹಡಿಗೆ ಬಂದ ಮಕ್ಕಳಿಗೆ ಮೊದಲು ಕಲಿಸಿದೆ. ಸಿ ಕಡತ ಎಲ್ಲಿ ಆಬ್ಜೆಕ್ಟ್ ಆಗುತ್ತದೆ, ಎಲ್ಲಿ ಹೆಕ್ಸ್ ಆಗುತ್ತದೆ ಎಂದು ಕಣ್ಣಾರೆ ನೋಡಬೇಕು. ಹೆಕ್ಸ್ ಕಡತದ ಪ್ರತಿ ಸಾಲೂ ಕೋಲನ್ನಿನಿಂದ ಶುರು. ಕಡೇ ಸಾಲಿನಲ್ಲಿ ಏಳು ಸೊನ್ನೆ, ಒಂದು 1, ಎರಡು ಎಫ್. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಿದ ಹುಡುಗಿಯೊಬ್ಬಳು, “ಮೇಡಂ, ಇಷ್ಟೇನಾ ಒಳಗಿರೋದು!” ಎಂದಿದ್ದಳು. ಹಾಸ್ಟೆಲಿನ ಆ ಹುಡುಗಿಗೆ ಕಾಲೇಜಿನ ಲ್ಯಾಬು ಸಂಜೆ ಸಿಗುತ್ತಿರಲಿಲ್ಲ. ನಮ್ಮ ಮಹಡಿ ಸಿಗುತ್ತಿತ್ತು.

ಆಮೇಲೆ ಹೊಸ ಕಂಪ್ಯೂಟರುಗಳಿಂದ ಪ್ರಿಂಟರ್ ಪೋರ್ಟೇ ಮಾಯವಾಯಿತು, ಯುಎಸ್‌ಬಿ ಪ್ರೋಗ್ರಾಮರು ಬಂತು. ವಿನ್‌ಎವಿಆರ್‌ನ ಕಡೇ ಬಿಡುಗಡೆ 2010ರ ಜನವರಿಯದು. ಅಷ್ಟರಲ್ಲಿ ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೊ ಎಲ್ಲ ಹಂತಗಳನ್ನೂ ಒಂದು ಗುಂಡಿಗೆ ಇಳಿಸಿತ್ತು. ಹಾಗಾದದ್ದು ಒಳ್ಳೆಯದೇ, ಈಗ ಹೈಸ್ಕೂಲಿನ ಮಕ್ಕಳೂ ಎಲ್‌ಇಡಿ ಮಿಟುಕಿಸುತ್ತಾರೆ. ಆದರೆ ಆರ್ಡುಯಿನೊದ ಯುನೋ ಬೋರ್ಡಿಗೆ ಆ ಗುಂಡಿ ಒತ್ತಿದಾಗ ಒಳಗೆ ಓಡುವುದು ಅದೇ ಎವಿಆರ್ ಜಿಸಿಸಿ, ಅದೇ ಎವಿಆರ್‌ಡ್ಯೂಡ್.

ನಿಮ್ಮ ಮನೆಯಲ್ಲಿ ಆರ್ಡುಯಿನೊ ಹಿಡಿದ ಮಗುವಿದ್ದರೆ ಒಂದು ಕೆಲಸ ಮಾಡಿಸಿ. ಪ್ರಿಫರೆನ್ಸಸ್‌ನಲ್ಲಿ ವರ್ಬೋಸ್ ಔಟ್‌ಪುಟ್ ಎಂಬಲ್ಲಿನ ಎರಡೂ ಚೌಕಗಳಿಗೆ ಟಿಕ್ ಹಾಕಿಸಿ, ಆಮೇಲೆ ಅಪ್‌ಲೋಡ್ ಒತ್ತಲಿ. ಪರದೆಯ ಮೇಲೆ ಹರಿಯುವ ಸಾಲುಗಳನ್ನು ಒಂದು ಸಲವಾದರೂ ಮೊದಲಿನಿಂದ ಕೊನೆಯವರೆಗೆ ಮಗುವಿನ ಜೊತೆ ಕೂತು ಓದಿ.