ಜೋಡಿ ಮದ್ದಿನ ಪರೀಕ್ಷೆ: 1940ರಿಂದ ಈಚಿನ ಒಂದು ಪ್ರಯೋಗಾಲಯ ಚರಿತ್ರೆ

ನಾನು ಕಾಸರಗೋಡು ಕಡೆಯವ. ಅಡಿಕೆಯ ಕೊಳೆರೋಗಕ್ಕೆ ನಮ್ಮಲ್ಲಿ ಮದ್ದು ಬಿಡುವ ಕ್ರಮ ನಿಮ್ಮಲ್ಲಿ ಹಲವರಿಗೆ ಗೊತ್ತು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ರೋಗಾಣುವಿಗೆ ಏಟು ಕೊಡುವುದು ತಾಮ್ರ. ಸುಣ್ಣ ಅದರ ಹುಳಿ ಮುರಿದು ಮರವನ್ನು ಕಾಪಾಡುತ್ತದೆ. ಕಬ್ಬಿಣದ ಕತ್ತಿ ಅದ್ದಿ ನೋಡುತ್ತಾರೆ; ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು. ತಾನು ಕೊಲ್ಲದ ವಸ್ತುವೂ ಜೋಡಿಯಲ್ಲಿ ಬೇಕಾಗುತ್ತದೆ, ಜೋಡಿಯನ್ನು ಪರೀಕ್ಷಿಸಿಯೇ ಬಳಸಬೇಕು. ಇವತ್ತು ಹೇಳಹೊರಟಿರುವುದೂ ಇದನ್ನೇ, ಬ್ಯಾಕ್ಟೀರಿಯಾದ ವಿಷಯದಲ್ಲಿ.

ಕಥೆ ಸುರುವಾಗುವುದು ಆಕ್ಸ್‌ಫರ್ಡ್‌ನಲ್ಲಿ. 1940ರ ಡಿಸೆಂಬರಿನಲ್ಲಿ ಅಬ್ರಹಾಂ ಮತ್ತು ಚೈನ್, ಪೆನಿಸಿಲಿನ್ನನ್ನು ನಾಶಮಾಡುವ ಒಂದು ಕಿಣ್ವ ಬ್ಯಾಕ್ಟೀರಿಯಾದಲ್ಲಿ ಇದೆ ಎಂದು ಪ್ರಕಟಿಸಿದರು. ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಯೊಬ್ಬರಿಗೆ ಪೆನಿಸಿಲಿನ್ ಚಿಕಿತ್ಸೆ ಸುರುವಾದದ್ದು 1941ರ ಫೆಬ್ರವರಿಯಲ್ಲಿ. ಅಂದ್ರೆ ಅಲ್ಲಿ ಆ ಚಿಕಿತ್ಸೆ ಸುರುವಾಗುವ ಮೊದಲೇ ಮದ್ದನ್ನು ಮುರಿಯುವ ಕಿಣ್ವ ದಾಖಲಾಗಿತ್ತು. ಬೀಟಾ-ಲ್ಯಾಕ್ಟಮೇಸ್ ಅಂತ ನಾವು ಈಗ ಕರೆಯುವುದು ಈ ಜಾತಿಯ ಕಿಣ್ವಗಳನ್ನೇ.

ಇದಕ್ಕೆ ತಡೆ ಹುಡುಕಿದ್ದು ಇಂಗ್ಲೆಂಡಿನ ಬೀಚಮ್ ಕಂಪನಿ. ಅವರ ಪರೀಕ್ಷೆಯ ಜಾಣತನ ನೋಡಿ. ಅಗಾರ್ ತಟ್ಟೆಗೆ ಪೆನಿಸಿಲಿನ್ ಬೆರೆಸಿ, ಅದನ್ನು ಒಡೆಯಬಲ್ಲ ಕ್ಲೆಬ್ಸಿಯೆಲ್ಲಾವನ್ನು ಅದರಲ್ಲಿ ಬೆಳೆಸುತ್ತಿದ್ದರು. ಮಾಮೂಲಿಯಾಗಿ ತಟ್ಟೆಯಿಡೀ ಬೆಳವಣಿಗೆ. ಪರೀಕ್ಷಿಸುವ ದ್ರವದಲ್ಲಿ ಕಿಣ್ವದ ಕೈ ಕಟ್ಟುವ ವಸ್ತು ಇದ್ದರೆ ಮಾತ್ರ ಪೆನಿಸಿಲಿನ್ ಉಳಿದು, ಸುತ್ತ ತಿಳಿಯಾದ ವೃತ್ತ ಮೂಡುತ್ತದೆ. ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್‌ನಿಂದ ಕ್ಲಾವುಲಾನಿಕ್ ಆಮ್ಲ ದೊರಕಿದ್ದು ಹೀಗೆ. ತಾನಾಗಿ ಅದು ದುರ್ಬಲ ಆಂಟಿಬಯೋಟಿಕ್. ಒಂಟಿಯಾಗಿಯೇ ಪರೀಕ್ಷಿಸಿದ್ದರೆ ಬದಿಗೆ ಸರಿಸಿಬಿಡುತ್ತಿದ್ದರೋ ಏನೋ. ಅಮಾಕ್ಸಿಸಿಲಿನ್ ಜೊತೆಗೂಡಿ 1981ರಲ್ಲಿ ಆಗ್ಮೆಂಟಿನ್ ಹೆಸರಿನಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು.

1988ರಲ್ಲಿ ಫ್ರಾನ್ಸಿನ ಜಾರ್ಲಿಯೆ ಮತ್ತು ಸಂಗಡಿಗರು ಇದೇ ತಡೆಯನ್ನು ಪತ್ತೇದಾರನನ್ನಾಗಿ ಮಾಡಿದರು. ಸೆಫಲೋಸ್ಪೊರಿನ್ ಬಿಲ್ಲೆಯ ಪಕ್ಕ ಕ್ಲಾವುಲಾನಿಕ್ ಆಮ್ಲದ ಬಿಲ್ಲೆ ಇಟ್ಟರೆ, ನಡುವೆ ಬೀಗದ ಕಿಂಡಿಯಂತೆ ಖಾಲಿ ಜಾಗ ಹಿಗ್ಗುತ್ತದೆ. ಹಾಗೆ ಹಿಗ್ಗಿದರೆ ವಿಸ್ತೃತ ವ್ಯಾಪ್ತಿಯ ಕಿಣ್ವ, ಅಂದ್ರೆ ಇಎಸ್‌ಬಿಎಲ್, ಇದೆ ಎಂದರ್ಥ. ದೊಡ್ಡ ಯಂತ್ರ ಬೇಡ. ಎರಡು ಬಿಲ್ಲೆ, ಒಂದು ತಟ್ಟೆ ಸಾಕು. ಇನ್ನೂ ಸೂಕ್ಷ್ಮವಾಗಿ ಅಳೆಯಲು 96 ಗುಳಿಗಳ ತಟ್ಟೆಯಲ್ಲಿ ಒಂದು ಮದ್ದನ್ನು ಅಡ್ಡಸಾಲಿಗೆ, ಇನ್ನೊಂದನ್ನು ಉದ್ದಸಾಲಿಗೆ ಇಳಿಪ್ರಮಾಣದಲ್ಲಿ ಹಾಕುತ್ತಾರೆ. ಚದುರಂಗದ ಮಣೆ ಅಂದುಕೊಳ್ಳಿ.

ಆಮೇಲೆ ಬಂತು ಎನ್‌ಡಿಎಮ್-1. 2008ರಲ್ಲಿ ಸ್ವೀಡನ್ನಿನಲ್ಲಿ, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಮರಳಿದ್ದ ರೋಗಿಯೊಬ್ಬರಲ್ಲಿ ಸಿಕ್ಕಿತು. ಹೆಸರಿನ ಬಗ್ಗೆ ನಮ್ಮ ದೇಶದಲ್ಲಿ ದೊಡ್ಡ ಗದ್ದಲವೇ ಆಯ್ತು. ಆದರೆ ಪ್ರಯೋಗಾಲಯಕ್ಕೆ ಮುಖ್ಯವಾದದ್ದು ಹೆಸರಲ್ಲ, ಸತು. ಈ ಕಿಣ್ವ ಕೆಲಸ ಮಾಡುವುದು ಸತುವಿನ ಅಯಾನುಗಳ ಬಲದಿಂದ. ಕ್ಲಾವುಲಾನಿಕ್ ಆಮ್ಲವಾಗಲಿ, 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅವಿಬ್ಯಾಕ್ಟಮ್ ಆಗಲಿ ಅದನ್ನು ಕಟ್ಟಿಹಾಕಲಾರವು. ಚೆನ್ನೈನ ಆರ್ಕಿಡ್ ಕಂಪನಿಯಲ್ಲಿ ಹುಟ್ಟಿ 2024ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ಎನ್‌ಮೆಟಜೊಬ್ಯಾಕ್ಟಮ್ ನಮಗೆ ಹೆಮ್ಮೆಯ ವಿಷಯ. ಅದರ ಗುರಿಯೂ ಇಎಸ್‌ಬಿಎಲ್, ಎನ್‌ಡಿಎಮ್ ಅಲ್ಲ.

ಹಾಗಾದ್ರೆ ದಾರಿ? ಅಜ್ಟ್ರಿಯೊನಮ್ ಎಂಬ ಹಳೇ ಮದ್ದನ್ನು ಎನ್‌ಡಿಎಮ್ ಒಡೆಯಲಾರದು. ಆದರೆ ಅದೇ ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಇಎಸ್‌ಬಿಎಲ್ ಕೂಡ ಇರುತ್ತದೆ, ಅದು ಒಡೆಯುತ್ತದೆ. ಅವಿಬ್ಯಾಕ್ಟಮ್ ಆ ಎರಡನೆಯದರ ಕೈ ಕಟ್ಟಿದರೆ ಅಜ್ಟ್ರಿಯೊನಮ್ ಬದುಕುತ್ತದೆ. ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಎರಡರ ಮುಂದೆಯೂ ‘ನಿರೋಧಕ’ ಎಂದೇ ಬರಬಹುದು. ಜೋಡಿಸಿ ನೋಡಿದರೆ ಉತ್ತರ ಬದಲಾಗಬಹುದು. ಈ ಜೋಡಿಗೆ ಯುರೋಪಿನಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು.

ಸಂವಾದದಲ್ಲಿ ಒಬ್ಬರು ಕೇಳಿದರು: “ಇದೆಲ್ಲ ದೊಡ್ಡ ಊರಿನ ಆಸ್ಪತ್ರೆಗಳ ಮಾತಲ್ವಾ? ನಮಗೇನು?” ನನ್ನ ಉತ್ತರ ಇಷ್ಟು. ನಮ್ಮಲ್ಲಿ ಕಾಯಿಲೆ ಜೋರಾದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತೇವೆ, ಗುಣವಾದ ಮೇಲೆ ಊರಿಗೆ ಬರುತ್ತೇವೆ. ಬ್ಯಾಕ್ಟೀರಿಯಾವೂ ನಮ್ಮೊಂದಿಗೆ ಹೋಗಿಬರುತ್ತದೆ, ಅದಕ್ಕೆ ಗಡಿ ಇಲ್ಲ. ವರದಿಗೂ ಗಡಿ ಇರಬಾರದು. ‘ನಿರೋಧಕ’ ಎಂಬ ಒಂದೇ ಪದ ಬರೆದರೆ ಮುಂದಿನ ವೈದ್ಯರಿಗೆ ದಾರಿ ಕಾಣುವುದಿಲ್ಲ. ಯಾವ ಕಿಣ್ವ, ಯಾವ ಜೋಡಿ ಪರೀಕ್ಷಿಸಿದ್ದು ಎಂಬುದೂ ಬೇಕು. ಕತ್ತಿ ಅದ್ದದೆ ಮದ್ದು ಬಿಡುವವರನ್ನು ನಮ್ಮ ತೋಟದಲ್ಲಿ ನಾವು ಒಪ್ಪುವುದಿಲ್ಲ. ಇಲ್ಲಿಯೂ ಅಷ್ಟೇ.