ಚಕ್ಕಡಿಯ ದಾರಿ, ಟ್ರ್ಯಾಕ್ಟರಿನ ಲೆಕ್ಕ

ತಿಕೋಟಾದಿಂದ ವಿಜಯಪುರಕ್ಕೆ ಸುಮಾರು 20 ಕಿ.ಮೀ. ತಾಸಿಗೆ 4 ಕಿ.ಮೀ. ನಡೆಯುವ ಎತ್ತಿನ ಚಕ್ಕಡಿಗೆ ಅದು ಐದು ತಾಸಿನ ಹಾದಿ. ಟ್ರ್ಯಾಕ್ಟರ್ ಒಂದು ತಾಸಿನೊಳಗೆ ಮುಟ್ಟುತ್ತದೆ. ಇದು ಬರೀ ಎಂಜಿನ್ನಿನ ಪ್ರತಾಪವಲ್ಲ. ಗೇರು, ಟೈರುಗಳ ಪಾಲೂ ಇದೆ.

ಮೊದಲ ಟ್ರ್ಯಾಕ್ಟರ್‌ಗಳಿಗೆ ಹಲ್ಲಿನ ಕಬ್ಬಿಣದ ಗಾಲಿಗಳಿದ್ದವು. ಹೊಲಕ್ಕೆ ಸರಿ, ರಸ್ತೆಗಲ್ಲ. 1932ರಲ್ಲಿ ಅಮೆರಿಕದ ಅಲಿಸ್-ಚಾಲ್ಮರ್ಸ್ ಕಂಪನಿ ಗಾಳಿ ತುಂಬಿದ ರಬ್ಬರ್ ಟೈರು ತೊಡಿಸಿತು. ಮರುವರ್ಷ ರೇಸ್ ಚಾಲಕ ಬಾರ್ನಿ ಓಲ್ಡ್‌ಫೀಲ್ಡ್, ಗೇರು ಬದಲಿಸಿದ ಟ್ರ್ಯಾಕ್ಟರನ್ನು ತಾಸಿಗೆ 100 ಕಿ.ಮೀ. ದಾಟಿಸಿ ತೋರಿಸಿದ. ಭಾರತದಲ್ಲಿ 1959ರಲ್ಲಿ ಐಷರ್, 1971ರಲ್ಲಿ ಎಚ್‌ಎಂಟಿ ಟ್ರ್ಯಾಕ್ಟರ್ ತಯಾರಿಕೆಗೆ ಇಳಿದವು. ಬಬಲೇಶ್ವರ ಭಾಗದಲ್ಲಿ ನೀರಾವರಿ, ಕಬ್ಬು, ಸಕ್ಕರೆ ಕಾರ್ಖಾನೆ ಬಂದಂತೆ ಹೊಲದ ಯಂತ್ರ ರಸ್ತೆಯ ವಾಹನವೂ ಆಯಿತು.

ವೇಗದ ಲೆಕ್ಕ ಸರಳ. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಟೇಪು ಹಿಡಿಯಿರಿ. 3.9 ಮೀಟರ್ ಬಂತೆನ್ನಿ. ಎಂಜಿನ್ ನಿಮಿಷಕ್ಕೆ 2000 ಸುತ್ತು, ಟಾಪ್ ಗೇರಿನಲ್ಲಿ ಎಂಜಿನ್ 18 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ಎಂದಾದರೆ, ಗಾಲಿ ನಿಮಿಷಕ್ಕೆ 111 ಸುತ್ತು ತಿರುಗುತ್ತದೆ. ಅಂದರೆ 433 ಮೀಟರ್. ತಾಸಿಗೆ 26 ಕಿ.ಮೀ.

ಈಗ ಸುತ್ತಳತೆ ಶೇ. 10 ಹೆಚ್ಚಿರುವ ಟೈರು ಹಾಕಿಸಿದರೆ? ವೇಗ 28.6 ಕಿ.ಮೀ. ಆಗುತ್ತದೆ. ಹೆಚ್ಚಿದ್ದು ಎರಡೂವರೆ ಕಿ.ಮೀ. ಅಷ್ಟೇ ಅನಿಸುತ್ತದೆ. ಆದರೆ ಬ್ರೇಕು ತಡೆಯಬೇಕಾದ ಶಕ್ತಿ ವೇಗದ ವರ್ಗದಂತೆ ಏರುತ್ತದೆ: ಶೇ. 21 ಹೆಚ್ಚು. ಬ್ರೇಕು ಮಾತ್ರ ಹಳೆಯದೇ. ಎಂಜಿನ್ ಸುತ್ತು ನೋಡಿ ವೇಗ ಹೇಳುವ ಮೀಟರಿಗೂ ಟೈರು ಬದಲಾದದ್ದು ತಿಳಿಯುವುದಿಲ್ಲ.

ಇನ್ನೊಂದು ಮಾತು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಈ ಲೆಕ್ಕವೇ ಮುರಿದುಬೀಳುತ್ತದೆ. ಎಂಜಿನ್ನಿಗೂ ಗಾಲಿಗೂ ನಂಟಿಲ್ಲ. ಹಿಂದಿನ ಎರಡು ಟ್ರೇಲರ್ ಕಬ್ಬೇ ಟ್ರ್ಯಾಕ್ಟರನ್ನು ನೂಕುತ್ತದೆ. ಆ ಟ್ರೇಲರ್‌ಗಳಿಗೆ ಬಹಳ ಕಡೆ ಸ್ವಂತ ಬ್ರೇಕೂ ಇರುವುದಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಅಪಘಾತದ ಸುದ್ದಿ ಬರೆಯುವಾಗ 'ಅತಿವೇಗವೇ ಕಾರಣ' ಎಂದು ನಾವು ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ಯಾವ ಗೇರು, ಯಾವ ಟೈರು, ಟ್ರೇಲರಿಗೆ ಬ್ರೇಕು ಇತ್ತೇ ಎಂದು ಕೇಳಿದ್ದು ಕಡಿಮೆ. ಇನ್ನು ಮುಂದೆ ನೋಟ್‌ಬುಕ್ಕಿನ ಜೊತೆ ಟೇಪನ್ನೂ ಒಯ್ಯಬೇಕು.