ತಪ್ಪಿನಲ್ಲಿ ಅಡಗಿದ ವ್ಯಾಕರಣ

ಮಗು ಮಾತು ಕಲಿಯುವುದು ಹೇಗೆ? ‘ದೊಡ್ಡವರು ಹೇಳಿದ್ದನ್ನು ಕೇಳಿ ಹಾಗೇ ಹೇಳುತ್ತೆ, ಇನ್ನೇನು’ ಎನ್ನುತ್ತೇವೆ ನಾವೆಲ್ಲ. ಸುಮಾರು ಎಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಅನೇಕ ಮನಶ್ಶಾಸ್ತ್ರಜ್ಞರೂ ಹೆಚ್ಚುಕಡಿಮೆ ಹೀಗೇ ನಂಬಿದ್ದರು. ಮಾತೂ ಒಂದು ರೂಢಿ, ಮೆಚ್ಚುಗೆಯಂಥ ಪ್ರತಿಫಲ ಸಿಕ್ಕಷ್ಟೂ ಅದು ಗಟ್ಟಿಯಾಗುತ್ತದೆ ಎಂದು ಬಿ.ಎಫ್. ಸ್ಕಿನ್ನರ್ 1957ರಲ್ಲಿ ‘ವರ್ಬಲ್ ಬಿಹೇವಿಯರ್’ ಎಂಬ ಪುಸ್ತಕವನ್ನೇ ಬರೆದರು.

ಮರುವರ್ಷ, 1958ರಲ್ಲಿ, ಜೀನ್ ಬರ್ಕೊ ಎಂಬ ಯುವ ಸಂಶೋಧಕಿಯ ಪ್ರಬಂಧ ಪ್ರಕಟವಾಯಿತು. ಅವರು ತಾವೇ ಬಿಡಿಸಿದ ಚಿತ್ರಗಳನ್ನು ಹಿಡಿದು ನಾಲ್ಕರಿಂದ ಏಳು ವರ್ಷದ ಮಕ್ಕಳ ಮುಂದೆ ಕುಳಿತರು. ಹಕ್ಕಿಯಂಥ ಒಂದು ಪ್ರಾಣಿಯನ್ನು ತೋರಿಸಿ, ‘ಇದು ವಗ್. ಈಗ ಇನ್ನೊಂದು ಬಂತು. ಈಗ ಎರಡು...?’ ಎಂದು ಕೇಳಿದರು. ‘ವಗ್ಸ್’ ಎಂದರು ಶೇ. 91ರಷ್ಟು ಮಕ್ಕಳು. ‘ವಗ್’ ಎಂಬುದು ಬರ್ಕೊ ಹುಟ್ಟಿಸಿದ ಪದ. ಅದರ ಬಹುವಚನವನ್ನು ಆ ಮಕ್ಕಳು ಯಾರ ಬಾಯಲ್ಲೂ ಕೇಳಿರಲಿಲ್ಲ, ಅದಕ್ಕಾಗಿ ಯಾರಿಂದಲೂ ಶಹಬ್ಬಾಸ್ ಪಡೆದಿರಲಿಲ್ಲ. ಅಂದರೆ ಮಕ್ಕಳು ಪದಗಳನ್ನಷ್ಟೇ ಅಲ್ಲ, ಪದಗಳ ಹಿಂದಿನ ನಿಯಮವನ್ನೂ ತಾವೇ ಹೆಕ್ಕಿಕೊಂಡಿದ್ದರು. ಅದೂ ಹಂತಹಂತವಾಗಿ: ‘ಗ್ಲಾಸ್’ ಪದಕ್ಕೆ ‘ಗ್ಲಾಸಸ್’ ಎಂದ ಮಕ್ಕಳೂ ಶೇ. 91, ಆದರೆ ಅದೇ ಪ್ರಾಸದ ಹೊಸ ಪದ ‘ಟ್ಯಾಸ್’ ಕೊಟ್ಟಾಗ ಸರಿ ಹೇಳಿದವರು ಶೇ. 36 ಮಾತ್ರ.

1959ರಲ್ಲಿ ನೋಮ್ ಚಾಮ್‌ಸ್ಕಿ ಸ್ಕಿನ್ನರ್ ಪುಸ್ತಕವನ್ನು ಕಟುವಾಗಿ ವಿಮರ್ಶಿಸಿದರು. ಭಾಷೆಯ ಮನೋವಿಜ್ಞಾನ ಹೊಸ ದಾರಿ ಹಿಡಿಯಿತು. 1986ರಲ್ಲಿ ರೂಮೆಲ್‌ಹಾರ್ಟ್ ಮತ್ತು ಮೆಕ್‌ಲೆಲ್ಯಾಂಡ್, ಯಾವ ನಿಯಮವನ್ನೂ ಬರೆದುಕೊಡದೆ, ಉದಾಹರಣೆಗಳಿಂದಲೇ ಕಂಪ್ಯೂಟರಿಗೆ ಇಂಗ್ಲಿಷಿನ ಭೂತಕಾಲ ಕಲಿಸಲು ಹೊರಟರು. ಅದೂ ಮಕ್ಕಳಂತೆಯೇ ತಪ್ಪು ಮಾಡಿತು! ಸಾಫ್ಟ್‌ವೇರ್ ವೃತ್ತಿಯವಳಾದ ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಭಾಗ ಇದು. ನಿಯಮ ಕಲಿಯುವ ಶಕ್ತಿ ಹುಟ್ಟಿನಿಂದ ಬಂದದ್ದೋ, ಕೇಳಿದ್ದರಿಂದಲೇ ಮೂಡುವುದೋ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಮಾತು ಕಿವಿಗೆ ಬೀಳದೆ ಕಲಿಕೆಯಿಲ್ಲ ಎಂಬುದರಲ್ಲಿ ಎರಡು ಮಾತಿಲ್ಲ.

ಹೊರನಾಡಿನ ನಮಗೆ ಇದು ಮನೆಯ ವಿಷಯ. ಪುಣೆಯಲ್ಲಿ ಬೆಳೆಯುತ್ತಿರುವ ನನ್ನ ನಾಲ್ಕು ವರ್ಷದ ಮಗಳು ‘ಅಜ್ಜಿಗೆ ಚೆಂಡು ಕೊಡಿದೆ’ ಎನ್ನುತ್ತಾಳೆ. ಮಾಡು–ಮಾಡಿದೆ, ಹಾಡು–ಹಾಡಿದೆ ಎಂದಾದರೆ ಕೊಡು–ಕೊಡಿದೆ ಏಕಾಗಬಾರದು? ನಾವ್ಯಾರೂ ಮನೆಯಲ್ಲಿ ‘ಕೊಡಿದೆ’ ಎಂದವರಲ್ಲ. ಅದು ಅವಳೇ ಕಟ್ಟಿಕೊಂಡ ಕನ್ನಡ ವ್ಯಾಕರಣ. ಬಂದ ನೆಂಟರು ನಕ್ಕರೆ ಅವಳು ತಕ್ಷಣ ಹಿಂದಿಗೆ ಜಾರುತ್ತಾಳೆ, ಆ ದಿನದ ಕನ್ನಡ ಅಲ್ಲಿಗೆ ಮುಗಿಯಿತು.

ಊರಿನಲ್ಲಾದರೆ ಬೀದಿಯೇ ಮಕ್ಕಳ ಮಾತನ್ನು ತಿದ್ದುತ್ತದೆ. ಇಲ್ಲಿ ಕನ್ನಡ ಕೇಳಿಸುವುದು ಎರಡು ಮೂರು ಬಾಯಿಗಳಿಂದ ಮಾತ್ರ. ಆದ್ದರಿಂದ ಗೆಳತಿಯರೇ, ಮಕ್ಕಳ ತಪ್ಪಿಗೆ ನಗುವುದು ಬೇಡ, ಪಾಠವೂ ಬೇಡ. ‘ಹೌದಾ ಪುಟ್ಟಿ, ಅಜ್ಜಿಗೆ ಕೊಟ್ಟೆಯಾ? ಆಮೇಲೆ?’ ಎಂದು ಮಾತು ಮುಂದುವರಿಸಿದರೆ ಸಾಕು. ಸರಿಯಾದ ರೂಪ ಕಿವಿಗೆ ಬಿದ್ದಂತೆಯೂ ಆಯಿತು, ಕನ್ನಡ ನಿಲ್ಲದಂತೆಯೂ ಆಯಿತು.